ಗಣಿತಗುರು ಮಹಾವೀರಾಚಾರ್ಯ
(ಶತಮಾನೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ಸರ್ವಜ್ಞ ಕವಿಯ ಹೆಸರಿನೊಡನೆ ಬೆರೆತ ಈ ಮಾಸೂರಿನಲ್ಲಿ ಕನ್ನಡ ನಾಡಿನ ಇನ್ನೊಬ್ಬ ಲೋಕಶಿಕ್ಷಕನನ್ನು ಸ್ಮರಿಸುವುದು ಉಚಿತವೆಂದು ಭಾವಿಸುತ್ತೇನೆ. ಆತನೇ ಜೈನ ವಿದ್ವಾಂಸ ಮಹಾವೀರಾಚಾರ್ಯ. ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಕ್ರಿ.ಶ. 850ರ ಸುಮಾರಿಗೆ, ಆತನು ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ವನ್ನು ರಚಿಸಿದನು. ಅದೇ ಚಕ್ರವರ್ತಿಯ ದಂಡನಾಯಕ ಬಂಕೇಯನು ಈ ಬನವಾಸಿ ನಾಡನ್ನು ಆಳುತ್ತಿದ್ದನು. ನೆರೆಯ ಬಂಕಾಪುರಕ್ಕೆ ಬಂದುದು ಆತನ ಹೆಸರೇ.

ಆರ್ಯಭಟ, ಬ್ರಹ್ಮಗುಪ್ತರ ಗ್ರಂಥಗಳಲ್ಲಿ ಗಣಿತವು ಖಗೋಳಶಾಸ್ತ್ರದ ಒಂದು ಅಂಗವಾಗಿತ್ತು. ಮಹಾವೀರನಾದರೋ ಗಣಿತಕ್ಕೆಂದೇ ಸಾವಿರದ ನೂರಕ್ಕೂ ಹೆಚ್ಚು ಶ್ಲೋಕಗಳ ಗ್ರಂಥವನ್ನು ಬರೆದನು. ವ್ಯಾಪಾರ, ಅಡುಗೆ, ವೈದ್ಯ, ಸಂಗೀತ, ಗೃಹನಿರ್ಮಾಣ ಇವೆಲ್ಲಕ್ಕೂ ಗಣಿತವು ಬೇಕೆಂದು ಆರಂಭದಲ್ಲಿಯೇ ಸಾರಿದನು.

ಆತನ ಬೋಧನಾಕ್ರಮಕ್ಕೆ ಒಂದು ಲೆಕ್ಕವೇ ಸಾಕ್ಷಿ. ಮಾವಿನ ರಾಶಿಯೊಂದರಲ್ಲಿ ಅರಸನು ಆರರಲ್ಲೊಂದು ಪಾಲನ್ನು ತೆಗೆದುಕೊಂಡನು. ಉಳಿದುದರಲ್ಲಿ ಅರಸಿಯು ಐದರಲ್ಲೊಂದು ಪಾಲನ್ನು. ಬಳಿಕ ಮೂವರು ರಾಜಕುಮಾರರು ಒಬ್ಬರಾದ ಮೇಲೊಬ್ಬರು, ಉಳಿದುಳಿದುದರಲ್ಲಿ ನಾಲ್ಕರಲ್ಲೊಂದು, ಮೂರರಲ್ಲೊಂದು, ಅರ್ಧ ಪಾಲನ್ನು ಪಡೆದರು. ಕಡೆಯ ಕೂಸಿಗೆ ಮಿಕ್ಕಿದ್ದು 3 ಹಣ್ಣು. ರಾಶಿಯಲ್ಲಿದ್ದವು ಎಷ್ಟು? ಉತ್ತರ 18. ತಾಳೆ ನೋಡಿದರೆ ಅರಸನಿಗೆ ಸಿಕ್ಕಿದ್ದೂ 3, ಕೂಸಿಗೆ ಸಿಕ್ಕಿದ್ದೂ 3! ಭಿನ್ನರಾಶಿಗಳು ಬೇರೆಬೇರೆ, ಪಾಲು ಮಾತ್ರ ಸಮಸಮ. ಮೇಲ್ನೋಟಕ್ಕೆ ಮೋಸಹೋಗದೆ ಎಣಿಸಿ ನೋಡುವ ವಿವೇಕವನ್ನು ಮಗುವು ಹೀಗೆ ಕಲಿಯುತ್ತದೆ.

ಋಣಸಂಖ್ಯೆಗೆ ವರ್ಗಮೂಲವಿಲ್ಲವೆಂದು ಆತನು ಸ್ಪಷ್ಟವಾಗಿ ಹೇಳಿದನು. ಶೂನ್ಯದಿಂದ ಭಾಗಿಸಿದರೆ ಸಂಖ್ಯೆಯು ಬದಲಾಗದೆಂಬ ಆತನ ಮಾತನ್ನು ಮಾತ್ರ ಇಂದಿನ ಗಣಿತವು ಒಪ್ಪುವುದಿಲ್ಲ. ಗುರುವಿನ ಮಾತನ್ನೂ ಪರೀಕ್ಷಿಸಬಹುದೆಂಬುದೇ ಈ ಶಾಸ್ತ್ರದ ಹಿರಿಮೆ. 11ನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನನು ಈ ಗ್ರಂಥವನ್ನು ತೆಲುಗಿಗೆ ತಂದನು, 1912ರಲ್ಲಿ ಎಂ. ರಂಗಾಚಾರ್ಯರ ಇಂಗ್ಲಿಷ್ ಅನುವಾದವು ಮದರಾಸಿನಲ್ಲಿ ಪ್ರಕಟವಾಗಿ ಹೊರದೇಶಗಳಿಗೂ ಇದರ ಪರಿಚಯವಾಯಿತು.

ಬಾಂಧವರೇ, “ಇವಳಿಗೆ ಲೆಕ್ಕ ತಲೆಗೆ ಹತ್ತುವುದಿಲ್ಲ” ಎಂದು ಹೆಣ್ಣುಮಗುವನ್ನು ಶಾಲೆ ಬಿಡಿಸುವ ಮನೆಗಳು ಇಂದಿಗೂ ಇಲ್ಲದಿಲ್ಲ. ಲೆಕ್ಕವರಿಯದವರಿಗೆ ಸಂತೆಯಲ್ಲಿ ತೂಕದ ಮೋಸ, ಸಾಲದಲ್ಲಿ ಬಡ್ಡಿಯ ಮೋಸ ತಪ್ಪಿದ್ದಲ್ಲ. ಅಡುಗೆಮನೆಯ ಅಳತೆಯಿಂದಲೇ, ಹೊಲದ ಫಸಲಿನಿಂದಲೇ ಮಕ್ಕಳಿಗೆ ಗಣಿತವನ್ನು ಕಲಿಸೋಣ. ರಾಶಿಯಲ್ಲಿ ಕಡೆಯ ಕೂಸಿನ ಪಾಲೂ ಇದೆಯೆಂಬುದನ್ನು ಮರೆಯದಿರೋಣ.