ಬೂದಿಯಲ್ಲಿ ಉಳಿದ ಗೊರಸು

ಮಳೆಗಾಲದಲ್ಲಿ ಹಸುವೊಂದು ಹಸಿ ಅಂಗಳ ದಾಟಿ ಹೋದದ್ದನ್ನು ನೋಡಿದ್ದೀರಾ? ಅದು ಕಾಲಿಟ್ಟಲ್ಲೆಲ್ಲ ಮಣ್ಣಿನ ಮೇಲೆ ಎರಡು ಬೇಳೆ ಜೋಡಿಸಿಟ್ಟ ಹಾಗೆ ಅಚ್ಚು ಬೀಳುತ್ತದೆ. ಆ ಅಚ್ಚಿನಲ್ಲಿ ನೀರು ನಿಲ್ಲುತ್ತದೆ, ನೀರಿನಲ್ಲಿ ಚೂರು ಆಕಾಶ ಕಾಣುತ್ತದೆ. ಸಂಜೆಗೆ ಇನ್ನೊಂದು ದನ ಅದರ ಮೇಲೇ ತುಳಿದು ಹೋಗುತ್ತದೆ. ರಾತ್ರಿ ಮತ್ತೆ ಮಳೆ. ಬೆಳಿಗ್ಗೆ ಎದ್ದು ನೋಡಿದರೆ ಏನೂ ಇಲ್ಲ.

ಹೀಗೆ ಒಂದು ದಿನವೂ ಬಾಳದ ಗೊರಸಿನ ಗುರುತು ನಾಲ್ಕು ಸಾವಿರ ವರ್ಷಕ್ಕೂ ಹೆಚ್ಚು ಕಾಲ ಉಳಿದದ್ದುಂಟು. ರಾಯಚೂರಿನ ಆಚೆ, ಈಗಿನ ತೆಲಂಗಾಣದಲ್ಲಿ ಉಟ್ನೂರು ಎಂಬ ಊರಿದೆ. ಅಲ್ಲಿ 1957ರಲ್ಲಿ ಎಫ್. ಆರ್. ಆಲ್ಚಿನ್ ಎಂಬ ಬ್ರಿಟಿಷ್ ಪುರಾತತ್ವ ವಿದ್ವಾಂಸರು ಒಂದು ಬೂದಿಯ ದಿಬ್ಬವನ್ನು ಪದರ ಪದರವಾಗಿ ಬಿಡಿಸುತ್ತ ಕೆಳಗಿಳಿದರು. ಒಂದು ಪದರದ ಬೂದಿಯನ್ನು ಮೆಲ್ಲಗೆ ಸರಿಸಿದಾಗ ಅದರಡಿಯ ನೆಲದ ಮೇಲೆ ದನಗಳ ಗೊರಸುಗಳು ಮೂಡಿದ್ದವು. ದನಗಳೂ ಇಲ್ಲ, ಕಾಯುವವರೂ ಇಲ್ಲ, ಅವರಾಡಿದ ಮಾತು ಯಾವುದೆಂದೂ ಗೊತ್ತಿಲ್ಲ. ಹೆಜ್ಜೆ ಮಾತ್ರ ಇತ್ತು.

ಈ ಬೂದಿಯ ದಿಬ್ಬಗಳ ಕಥೆ ನಮ್ಮ ನಾಡಿನದೇ. ಬಳ್ಳಾರಿಯಿಂದ ಹೊಸಪೇಟೆಗೆ ಹೋಗುವ ದಾರಿಯಲ್ಲಿ ಕುಡತಿನಿ ಸಿಗುತ್ತದೆ. ಅದರ ಹತ್ತಿರ ಅಂಥ ದೊಡ್ಡ ದಿಬ್ಬವೊಂದಿದೆ. ಬಳ್ಳಾರಿ, ರಾಯಚೂರು, ಕೊಪ್ಪಳ, ಯಾದಗಿರಿ ಸೀಮೆಗಳಲ್ಲೂ ಪಕ್ಕದ ತೆಲಂಗಾಣ, ಆಂಧ್ರಗಳಲ್ಲೂ ಸೇರಿ ಇಂಥವು ನೂರಕ್ಕೂ ಹೆಚ್ಚು. ಬೂದಿದಿಬ್ಬ, ಬೂದಿಗುಡ್ಡ ಎಂದು ಜನ ಕರೆಯುತ್ತಾರೆ. ಅದರ ಒಂದು ಹೆಂಟೆಯನ್ನು ಕೈಗೆ ತೆಗೆದುಕೊಂಡರೆ ತೂಕವೇ ಇಲ್ಲ, ಮೈತುಂಬ ತೂತು. ಕೆಲವು ಹೆಂಟೆಗಳಲ್ಲಿ ಗಾಜಿನಂಥ ಹೊಳಪೂ ಇರುತ್ತದೆ.

ಇಷ್ಟೊಂದು ಬೂದಿ ಎಲ್ಲಿಂದ ಬಂತು? ಹಂಪಿಯ ಬಳಿಯ ನಿಂಬಾಪುರದಲ್ಲಿ ಕೇಳಿದರೆ, ಅದು ರಾಮನ ಬಾಣಕ್ಕೆ ಬಿದ್ದ ವಾಲಿಯನ್ನು ಸುಟ್ಟ ಬೂದಿ ಎನ್ನುತ್ತಾರೆ. ಗುಡ್ಡದಷ್ಟು ಬೂದಿಯಾಗಬೇಕಾದರೆ ಗುಡ್ಡದಂಥ ವೀರನೇ ಬೇಕಲ್ಲವೇ? ನನಗೆ ಈ ಕಥೆಯ ಮೇಲೆ ಬಹಳ ಪ್ರೀತಿ. ಕಥೆ ಕಟ್ಟಿದವರು ದಿಬ್ಬವನ್ನು ನೋಡಿಯೂ ನೋಡದ ಹಾಗೆ ಮುಂದೆ ಹೋಗಲಿಲ್ಲ. ನಿಂತು, ಇದೇನು ಎಂದು ಕೇಳಿಕೊಂಡರು.

ಓದಿದವರೂ ಕೇಳಿಕೊಂಡರು, ಆದರೆ ಅವರ ಉತ್ತರಗಳು ಒಂದಕ್ಕೊಂದು ಕೂಡಲಿಲ್ಲ. ಜ್ವಾಲಾಮುಖಿ ಉಗುಳಿದ್ದಿರಬೇಕು ಎಂದರು ಕೆಲವರು. ಇಟ್ಟಿಗೆ ಸುಟ್ಟ ಗೂಡು ಎಂದರು ಇನ್ನು ಕೆಲವರು. ಕಬ್ಬಿಣ ಕರಗಿಸಿದಾಗ ಉಳಿಯುವ ಕಿಟ್ಟ ಇದು ಎಂಬ ವಾದವೂ ಇತ್ತು. ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ರಾಬರ್ಟ್ ಬ್ರೂಸ್ ಫೂಟ್ ಈ ಸೀಮೆಯಲ್ಲೆಲ್ಲ ಓಡಾಡಿದರು. ಅವರ ಕೆಲಸ ಕಲ್ಲು, ಖನಿಜಗಳನ್ನು ಹುಡುಕುವುದು. ಆದರೆ 1863ರಲ್ಲಿ ಮದರಾಸಿನ ಬಳಿ ಪಲ್ಲಾವರಂನಲ್ಲಿ ಹಳೆಯ ಶಿಲಾಯುಗದ ಕಲ್ಲಿನ ಆಯುಧವೊಂದು ಸಿಕ್ಕಿದ ಮೇಲೆ ಅವರ ಕಣ್ಣು ನೆಲ ಬಿಟ್ಟು ಮೇಲೇಳಲೇ ಇಲ್ಲ. ಬೂದಿದಿಬ್ಬಗಳ ಸುತ್ತ ಅವರಿಗೆ ಉಜ್ಜಿ ನುಣುಪು ಮಾಡಿದ ಕಲ್ಲಿನ ಕೊಡಲಿಗಳು, ಮಡಕೆಯ ಚೂರುಗಳು ಕಂಡವು. ಅಂದರೆ ಇಲ್ಲಿ ಮನುಷ್ಯರಿದ್ದರು. ಹಾಗಾದರೆ ಬೂದಿ ಏನನ್ನು ಸುಟ್ಟದ್ದು? ಸಗಣಿಯನ್ನು, ಎಂದರು ಫೂಟ್.

ಗುಡ್ಡದಷ್ಟು ಸಗಣಿಯೇ! ಎಲ್ಲರೂ ಒಪ್ಪಲಿಲ್ಲ. ಒಪ್ಪದಿರುವುದಕ್ಕೆ ಕಾರಣವೂ ಇತ್ತು: ಬೆರಣಿ ಉರಿದರೆ ಮೆತ್ತನೆಯ ಬೂದಿಯಾಗುತ್ತದೆ, ಗಾಜಿನ ಹಾಗೆ ಹೊಳೆಯುವ ಹೆಂಟೆ ಆಗುವುದು ಹೇಗೆ?

ಉತ್ತರ ಹುಲ್ಲಿನಲ್ಲಿದೆ. ಹೊಲದ ಬದುವಿನ ಹುಲ್ಲನ್ನು ಬೆರಳಲ್ಲಿ ಹಿಡಿದು ಸರ್ರನೆ ಎಳೆದವರಿಗೆ ಗೊತ್ತು, ಅದರ ಅಂಚು ಬೆರಳನ್ನೇ ಕೊಯ್ಯುತ್ತದೆ. ಹುಲ್ಲು ಬೇರಿನಿಂದ ನೀರು ಹೀರುವಾಗ ಅದರೊಳಗೆ ಕರಗಿರುವ ಸಿಲಿಕಾವನ್ನೂ ಹೀರಿಕೊಳ್ಳುತ್ತದೆ. ಮರಳಿನಲ್ಲಿರುವುದೂ ಗಾಜಿನಲ್ಲಿರುವುದೂ ಇದೇ ವಸ್ತು. ಹೀರಿಕೊಂಡದ್ದು ಎಲೆಯ ಜೀವಕೋಶಗಳಲ್ಲಿ ಕಣ್ಣಿಗೆ ಕಾಣದಷ್ಟು ಚಿಕ್ಕ ಚಿಕ್ಕ ಹರಳುಗಳಾಗಿ ಕೂರುತ್ತದೆ. ಹಸು ಹುಲ್ಲು ಮೇಯುತ್ತದೆ, ಮೆಲುಕು ಹಾಕುತ್ತದೆ. ಆದರೂ ಆ ಹರಳು ಕರಗುವುದಿಲ್ಲ, ಸಗಣಿಯಲ್ಲಿ ಹೊರಗೆ ಬರುತ್ತದೆ. ಅಂಗೈಯಗಲದ ಬೆರಣಿ ಉರಿದರೆ ಆ ಹರಳಿಗೆ ಏನೂ ಆಗುವುದಿಲ್ಲ. ತಿಪ್ಪೆಯಷ್ಟೆತ್ತರದ ಒಣ ಸಗಣಿಯ ರಾಶಿ ದಿನಗಟ್ಟಲೆ ಉರಿದರೆ ಒಳಗಿನ ಬಿಸಿ ಬೇರೆಯೇ. ಬರಿ ಸಿಲಿಕಾ ಕರಗಬೇಕಾದರೆ ಸುಮಾರು 1,700 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಆದರೆ ಬೂದಿಯಲ್ಲಿ ಕ್ಷಾರವಿರುತ್ತದೆ. ಕ್ಷಾರ ಕೂಡಿಕೊಂಡರೆ ಅದಕ್ಕಿಂತ ಎಷ್ಟೋ ಕಡಿಮೆ ಶಾಖಕ್ಕೇ ಸಿಲಿಕಾ ಮೆತ್ತಗಾಗಿ, ಒಂದಕ್ಕೊಂದು ಅಂಟಿ, ಆರಿದಾಗ ಗಾಜಾಗುತ್ತದೆ. 1960ರ ಸುಮಾರಿಗೆ ಫ್ರೆಡರಿಕ್ ಝೊಯ್ನರ್ ಎಂಬ ವಿಜ್ಞಾನಿ ಬಳ್ಳಾರಿ ಸೀಮೆಯ ಹೆಂಟೆಗಳನ್ನು ಪರೀಕ್ಷಿಸಿ, ಇದು ಸುಟ್ಟ ಸಗಣಿಯೇ ಎಂದು ತೋರಿಸಿಕೊಟ್ಟರು. ಫೂಟ್ ಹೇಳಿದ್ದು ಸರಿಯಾಗಿತ್ತು.

ಅಲ್ಲಿಗೆ ಚಿತ್ರ ಒಂದೊಂದಾಗಿ ಕೂಡಿಕೊಳ್ಳತೊಡಗಿತು. ಉಟ್ನೂರಿನಲ್ಲಿ ಆಲ್ಚಿನ್ ಅವರಿಗೆ ಸಾಲು ಸಾಲು ಕುಳಿಗಳು ಸಿಕ್ಕಿದವು. ಮರದ ಗೂಟ ನೆಟ್ಟು ಬೇಲಿ ಕಟ್ಟಿದ್ದ ಕುಳಿಗಳು ಅವು. ಒಳಗೆ ದನ ಕೂಡುವ ದೊಡ್ಡಿ. ದೊಡ್ಡಿಯ ಸಗಣಿ ಗುಡ್ಡೆಯಾಗುತ್ತಿತ್ತು, ಒಮ್ಮೆ ಧಗಧಗ ಉರಿದು ಬೂದಿಯಾಗುತ್ತಿತ್ತು. ಅದೇ ಜಾಗದಲ್ಲಿ ಮತ್ತೆ ಬೇಲಿ, ಮತ್ತೆ ದನ, ಮತ್ತೆ ಬೆಂಕಿ. ಹೀಗೆ ಎಷ್ಟೋ ಸಲ. ಕಡಿದ ಬೂದಿದಿಬ್ಬ ಚಿರೋಟಿಯ ಹಾಗೆ ಪದರ ಪದರವಾಗಿ ಕಾಣುವುದು ಅದಕ್ಕೇ. ದನ ತುಳಿದ ನೆಲದ ಮೇಲೆ ಹೊಸ ಬೂದಿ ಬಂದು ಕೂತದ್ದರಿಂದ ಆ ಗೊರಸುಗಳು ಅಳಿಸಿಹೋಗಲಿಲ್ಲ.

ಇದೆಲ್ಲ ನಡೆದದ್ದು ಯಾವಾಗ? ಅದನ್ನು ಇದ್ದಿಲು ಹೇಳುತ್ತದೆ. ಬದುಕಿರುವ ಗಿಡಮರಗಳೆಲ್ಲ ಗಾಳಿಯಿಂದ ಇಂಗಾಲ ತೆಗೆದುಕೊಳ್ಳುತ್ತವೆ. ಅದರಲ್ಲಿ ಕಾರ್ಬನ್-14 ಎಂಬುದು ಎಲ್ಲೋ ಚೂರು ಇರುತ್ತದೆ. ಗಿಡ ಸತ್ತ ಮೇಲೆ ಹೊಸದು ಸೇರುವುದಿಲ್ಲ. ಇದ್ದದ್ದು ಮೆಲ್ಲಗೆ ಸವೆಯುತ್ತ, 5,730 ವರ್ಷಕ್ಕೆ ಅರ್ಧವಾಗುತ್ತದೆ. ಉಟ್ನೂರಿನ ಕಾಲದ ಇದ್ದಿಲಿನಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚೇ ಉಳಿದಿದೆ. ಲೆಕ್ಕ ಹಾಕಿದರೆ ಈ ಬೂದಿದಿಬ್ಬಗಳಲ್ಲಿ ಹಳೆಯವು ಇಂದಿಗೆ ನಾಲ್ಕೂವರೆ, ಐದು ಸಾವಿರ ವರ್ಷಗಳಷ್ಟು ಹಿಂದಕ್ಕೆ ಹೋಗುತ್ತವೆ. ಆಗ ಇಲ್ಲಿ ಕಬ್ಬಿಣವಿರಲಿಲ್ಲ, ಬರವಣಿಗೆಯೂ ಇರಲಿಲ್ಲ. ನಾವು ನವಶಿಲಾಯುಗ ಎನ್ನುವ ಕಾಲ ಅದು.

ಹಾಗೆಂದು ಅವರಿಗೆ ಏನೂ ಬರುತ್ತಿರಲಿಲ್ಲ ಎಂದುಕೊಳ್ಳಬೇಡಿ. ಬಳ್ಳಾರಿಯ ಪಕ್ಕದಲ್ಲೇ ಸಂಗನಕಲ್ಲು ಇದೆ. ಅಲ್ಲಿನ ಹಿರೇಗುಡ್ಡದಲ್ಲಿ ಡೊಲರೈಟ್ ಎಂಬ ಕಪ್ಪು, ಗಟ್ಟಿ ಕಲ್ಲಿನ ಪಟ್ಟೆ ಹಾದುಹೋಗಿದೆ. ಆ ಕಲ್ಲನ್ನು ಒಡೆದು, ಚಕ್ಕೆ ಎಬ್ಬಿಸಿ, ಕುಟ್ಟಿ ಕುಟ್ಟಿ ಆಕಾರಕ್ಕೆ ತಂದು, ಕೊನೆಗೆ ಬಂಡೆಯ ಮೇಲೆ ಉಜ್ಜಿ ಉಜ್ಜಿ ಕೊಡಲಿ ಮಾಡುತ್ತಿದ್ದರು. ಉಜ್ಜಿದ ಬಂಡೆಗಳಲ್ಲಿ ಬಿದ್ದ ತಗ್ಗುಗಳು ಇವತ್ತಿಗೂ ಕೈಗೆ ನುಣ್ಣಗೆ ಸಿಗುತ್ತವೆ. ಒಂದು ಮನೆಗೆ ಬೇಕಾದ ಒಂದೆರಡು ಕೊಡಲಿಯ ಮಾತಲ್ಲ ಇದು. ಕೊಡಲಿ ಮಾಡುವ ದೊಡ್ಡ ಕಾರ್ಖಾನೆಯೇ ಇತ್ತು.

ಅವರು ಏನು ಉಣ್ಣುತ್ತಿದ್ದರು ಎಂಬುದೂ ಗೊತ್ತಾಗಿದೆ. ಇದಂತೂ ನನಗೆ ಬಹಳ ಇಷ್ಟವಾದ ಸಂಗತಿ. ಸಾವಿರಾರು ವರ್ಷ ಮಣ್ಣಿನಲ್ಲಿ ಬಿದ್ದ ಕಾಳು ಕೊಳೆತುಹೋಗಬೇಕು. ಆದರೆ ಒಲೆಗೆ ಜಾರಿ ಬಿದ್ದು ಕರಕಾದ ಕಾಳು ಕೊಳೆಯುವುದಿಲ್ಲ, ಹುಳ ಹಿಡಿಯುವುದಿಲ್ಲ. ಹಳೆಯ ನೆಲದ ಮಣ್ಣನ್ನು ತಂದು ನೀರಿಗೆ ಸುರಿದು ಕದಡಿದರೆ ಮಣ್ಣು ತಳಕ್ಕಿಳಿಯುತ್ತದೆ. ಕರಕಲು ಕಾಳು ಹಗುರವಾದ್ದರಿಂದ ಮೇಲೆ ತೇಲುತ್ತದೆ, ಅಕ್ಕಿ ತೊಳೆಯುವಾಗ ಹೊಟ್ಟು ತೇಲುವ ಹಾಗೆ. ಡೋರಿಯನ್ ಫುಲ್ಲರ್ ಎಂಬ ವಿದ್ವಾಂಸರು ಮತ್ತು ಅವರ ಜೊತೆಗಾರರು ಹೀಗೆ ತೇಲಿಸಿ, ಸೋಸಿ, ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದಾಗ ಕಂಡದ್ದು ಹುರುಳಿ, ಹೆಸರು, ಕೊರಲೆ. ಯಾರ ಕೈತಪ್ಪಿ ಬೆಂಕಿಗೆ ಬಿತ್ತೋ ಆ ಒಂದು ಕಾಳು, ಅದೇ ಉಳಿಯಿತು. ಉಂಡದ್ದೊಂದೂ ಉಳಿಯಲಿಲ್ಲ. ನಿಮ್ಮ ಮನೆಯಲ್ಲಿ ಇನ್ನೊಮ್ಮೆ ಹುರುಳಿಕಾಳಿನ ಸಾರು ಮಾಡಿದಾಗ ಒಂದು ಕಾಳನ್ನು ಬೆರಳ ತುದಿಯಲ್ಲಿಟ್ಟುಕೊಂಡು ನೋಡಿ. ಅದೇ ಕಾಳು, ಅದೇ ಸೀಮೆ, ನಾಲ್ಕು ಸಾವಿರ ವರ್ಷ.

ಯಾದಗಿರಿ ಜಿಲ್ಲೆಯ ಸುರಪುರ ಸೀಮೆಯ ಬೂದಿಹಾಳದಲ್ಲಿ 1990ರ ದಶಕದಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರು ಅಗೆತ ನಡೆಸಿದರು. ಊರ ಹೆಸರಿನಲ್ಲೇ ಬೂದಿ ಇದೆ, ನೋಡಿ! ಬೂದಿದಿಬ್ಬದ ಪಕ್ಕದಲ್ಲೇ ಜನರ ಮನೆಗಳಿದ್ದವು ಎಂಬುದು ಅಲ್ಲಿ ಸ್ಪಷ್ಟವಾಯಿತು. ದನ ಕೂಡುವ ಜಾಗ, ಕಲ್ಲಿನ ಸಲಕರಣೆ ಮಾಡುವ ಜಾಗ, ಮಾಂಸ ಹೆಚ್ಚುವ ಜಾಗ ಬೇರೆ ಬೇರೆಯಾಗಿದ್ದವು. ತೀರಿಹೋದ ಎಳೆಯ ಕೂಸುಗಳನ್ನು ಮಡಕೆಯಲ್ಲಿಟ್ಟು ಅಲ್ಲೇ ಹೂಳುತ್ತಿದ್ದರು. ಇಂಥ ಪದ್ಧತಿ ಆ ಕಾಲದ ಬೇರೆ ಊರುಗಳಲ್ಲೂ ಕಂಡಿದೆ. ಕೂಸನ್ನು ದೂರ ಕಳಿಸಲು ಮನಸ್ಸು ಬರಲಿಲ್ಲವೇನೋ ಎಂದು ನನಗೆ ಅನ್ನಿಸುತ್ತದೆ.

ಇನ್ನು ದೊಡ್ಡ ಪ್ರಶ್ನೆ. ಸಗಣಿಯನ್ನು ಸುಟ್ಟದ್ದೇಕೆ? ನಮ್ಮ ರೈತರಿಗೆ ಸಗಣಿ ಎಂದರೆ ಗೊಬ್ಬರ, ಉರುವಲು, ನೆಲ ಸಾರಿಸುವ ವಸ್ತು. ಒಂದು ಬುಟ್ಟಿಯನ್ನೂ ಚೆಲ್ಲುವುದಿಲ್ಲ. ಅವರು ಗುಡ್ಡದಷ್ಟನ್ನು ಬೆಂಕಿಗೆ ಕೊಟ್ಟರು. ಆಕಸ್ಮಿಕವಾಗಿ ಬೆಂಕಿ ಬಿದ್ದಿರಬಹುದೇ? ಒಂದು ಸಲವಾದರೆ ಹೌದು. ಒಂದೇ ಜಾಗದಲ್ಲಿ ಪದೇ ಪದೇ ಸುಟ್ಟಿದ್ದಾರೆ, ಅದೂ ಊರೂರಲ್ಲಿ. ನೊಣ, ಉಣ್ಣೆ, ದನದ ಜಾಡ್ಯಗಳನ್ನು ಕಳೆಯಲು ಸುಟ್ಟಿರಬಹುದು. ಆಲ್ಚಿನ್ ಇನ್ನೊಂದು ದಿಕ್ಕಿನಲ್ಲಿ ಯೋಚಿಸಿದರು: ಇದು ವರ್ಷದ ಯಾವುದೋ ಕಾಲಕ್ಕೆ ನಡೆಯುತ್ತಿದ್ದ ಹಬ್ಬದ ಬೆಂಕಿ ಇದ್ದೀತು. ಮಂಡ್ಯ, ಮೈಸೂರಿನ ಕಡೆಯ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸಂಕ್ರಾಂತಿಯ ಸಂಜೆ ದನಗಳ ಮೈ ತೊಳೆದು, ಕೊಂಬಿಗೆ ಬಣ್ಣ ಹಚ್ಚಿ, ಹುಲ್ಲಿಗೆ ಬೆಂಕಿ ಇಟ್ಟು ಕಿಚ್ಚು ಹಾಯಿಸುವುದನ್ನು ಅವರು ನೋಡಿದ್ದಾರೆ. ಈ ಕಿಚ್ಚು ಆ ಕಿಚ್ಚಿನಿಂದಲೇ ಬಂತು ಎನ್ನಲು ಆಧಾರವಿಲ್ಲ. ಆದರೂ ಹಬ್ಬದ ಬೆಂಕಿ ಎಂಬ ಮಾತು ನನ್ನ ಮನಸ್ಸಿಗೆ ಹೆಚ್ಚು ಒಪ್ಪುತ್ತದೆ. ರಾತ್ರಿಯ ಬಯಲಿನಲ್ಲಿ ಅಂಥ ಬೆಂಕಿ ಹರದಾರಿ ದೂರಕ್ಕೆ ಕಂಡಿರಬೇಕು. ಇದ್ದಬದ್ದ ಸಗಣಿಯನ್ನೆಲ್ಲ ಸುರಿದು ಅಷ್ಟು ದೊಡ್ಡ ಬೆಂಕಿ ಮಾಡಿದ್ದಾರೆಂದರೆ, ಅವರಿಗೆ ಅದನ್ನು ನೋಡುವುದೂ ತೋರಿಸುವುದೂ ಬೇಕಿತ್ತು.

ದನಗಳೆಂದರೆ ಅವರಿಗೆ ಎಷ್ಟು ಪ್ರೀತಿ ಎಂಬುದಕ್ಕೆ ಬೇರೆ ಸಾಕ್ಷಿಯೂ ಇದೆ. ಸಂಗನಕಲ್ಲಿನ ಪಕ್ಕದ ಕಪ್ಪಗಲ್ಲು ಗುಡ್ಡದ ಬಂಡೆಗಳ ಮೇಲೆ ಕಲ್ಲಿನಿಂದ ಕುಟ್ಟಿ ಕುಟ್ಟಿ ನೂರಾರು ಚಿತ್ರ ಬಿಡಿಸಿದ್ದಾರೆ, ಹೆಚ್ಚಿನವು ದನಗಳವೇ. ಉದ್ದ ಕೊಂಬು, ಎದ್ದು ಕಾಣುವ ಹಿಣಿಲು. ಕೆಲವು ಚಿತ್ರಗಳು ಕೈಗೆಟುಕದ ಎತ್ತರದಲ್ಲಿವೆ, ಬಂಡೆ ಹತ್ತಿ ಜೋತುಬಿದ್ದು ಕುಟ್ಟಿರಬೇಕು. ಇವುಗಳಲ್ಲಿ ಬಹಳಷ್ಟು ಆ ದನಗಾರರ ಕಾಲದವು ಎಂದು ವಿದ್ವಾಂಸರು ಎಣಿಸುತ್ತಾರೆ.

ಅದೇ ಗುಡ್ಡದಲ್ಲಿ ಹಾಡುವ ಕಲ್ಲುಗಳಿವೆ. ಕೆಲವು ಕಪ್ಪು ಬಂಡೆಗಳ ಮೇಲೆ ಚಿಕ್ಕ ನುಣುಪು ಗುಳಿಗಳು ಬಿದ್ದಿವೆ. ಆ ಗುಳಿಗೆ ಕಲ್ಲಿನಿಂದ ಹೊಡೆದರೆ ಬಂಡೆ ಜಾಗಟೆಯ ಹಾಗೆ ಠಣ್ ಎನ್ನುತ್ತದೆ. ಬಂಡೆ ಹಾಡುವುದು ಹೇಗೆ? ಮನೆಯಲ್ಲೇ ನೋಡಿ. ಒಂದು ಸ್ಟೀಲ್ ಲೋಟವನ್ನು ಬೆರಳ ತುದಿಯ ಮೇಲೆ ನಿಲ್ಲಿಸಿ ಚಮಚದಿಂದ ತಟ್ಟಿ, ನಾದ ಎಳೆಯುತ್ತದೆ. ಅದನ್ನೇ ಅಂಗೈಯಲ್ಲಿ ಬಿಗಿಯಾಗಿ ಹಿಡಿದು ತಟ್ಟಿ, ಟಕ್ ಎಂದು ಸುಮ್ಮನಾಗುತ್ತದೆ. ನಾದವೆಂದರೆ ನಡುಕ; ಮುಟ್ಟಿ ಹಿಡಿದರೆ ನಡುಕ ನಿಲ್ಲುತ್ತದೆ. ಕಪ್ಪಗಲ್ಲಿನ ಈ ಬಂಡೆಗಳು ಬೇರೆ ಬಂಡೆಗಳ ಮೇಲೆ ಒಂದೆರಡು ಕಡೆ ಮಾತ್ರ ಊರಿಕೊಂಡು ಕೂತಿವೆ, ಲೋಟ ಬೆರಳ ತುದಿಯಲ್ಲಿ ಕೂತ ಹಾಗೆ. ಅದಕ್ಕೇ ನಡುಗುತ್ತವೆ.

ಈ ಗುಡ್ಡದ ಕಲ್ಲನ್ನು ಜಲ್ಲಿಗೆಂದು ಒಡೆದದ್ದೂ ಇದೆ. ಬೂದಿದಿಬ್ಬಗಳ ಬೂದಿಯನ್ನು ಗೊಬ್ಬರಕ್ಕೆಂದು ಅಗೆದು ಸಾಗಿಸಿದ್ದೂ ಇದೆ. ಅದನ್ನು ನೆನೆದರೆ ನನಗೆ ಸಂಕಟವಾಗುತ್ತದೆ. ಬಳ್ಳಾರಿಯಲ್ಲಿ ಫೂಟ್ ಅವರ ಹೆಸರಿನಲ್ಲೇ ಒಂದು ಸಂಗ್ರಹಾಲಯವಿದೆ. ಸಂಗನಕಲ್ಲಿನ ಕೊಡಲಿಗಳನ್ನು ಅಲ್ಲಿ ಕಣ್ಣಾರೆ ನೋಡಬಹುದು. ಅಲ್ಲಿಂದ ಕಪ್ಪಗಲ್ಲಿಗೆ ಹೋದರೆ ದೊಡ್ಡವರ ಕೈ ಹಿಡಿದು ಹೋಗಿ, ಹಾಡುವ ಬಂಡೆಯನ್ನು ಹೊಡೆಯಬೇಡಿ, ಆ ಗುಳಿಯ ಮೇಲೆ ಬೆರಳಿಟ್ಟು ನೋಡಿ. ಆ ಗುಳಿ ತಾನಾಗಿ ಬಿದ್ದದ್ದಲ್ಲ. ಒಬ್ಬರಾದ ಮೇಲೆ ಒಬ್ಬರು ಅದೇ ಜಾಗಕ್ಕೆ ಹೊಡೆದು ಹೊಡೆದು ಸವೆದದ್ದು.