ಕುಂಡದಲ್ಲಿ ಪ್ಯಾನ್ಸಿ ಹೂವು



ಇಂಗ್ಲಿಷ್ ಸಾಹಿತ್ಯವನ್ನು ಬೋಧಿಸುವ ನಮ್ಮಂಥವರಿಗೆ ಒಂದು ಸಂಕೋಚವುಂಟು. ಎಂದೂ ಕಾಣದ ಹೂವುಗಳನ್ನು ಕಂಡವರಂತೆ ವರ್ಣಿಸಬೇಕಾಗುತ್ತದೆ. ಷೇಕ್ಸ್‌ಪಿಯರ್ ಮಹಾಕವಿಯ 'ಹ್ಯಾಮ್ಲೆಟ್' ನಾಟಕದಲ್ಲಿ ಬುದ್ಧಿ ಕದಡಿದ ಒಫೀಲಿಯಾ ಹೂವುಗಳನ್ನು ಹಂಚುತ್ತ ಪ್ಯಾನ್ಸಿಯನ್ನೂ ಹೆಸರಿಸುತ್ತಾಳೆ. ಕಡೂರಿನಲ್ಲಿ ಈ ಸನ್ನಿವೇಶವನ್ನು ಪಾಠ ಹೇಳುತ್ತಿದ್ದಾಗ ಹಿಂದಿನ ಸಾಲಿನ ವಿದ್ಯಾರ್ಥಿಯೊಬ್ಬನು ಎದ್ದು, “ಆ ಹೂವು ಹೇಗಿರುತ್ತದೆ, ಸಾರ್?” ಎಂದು ಕೇಳಿದನು. “ಅದೊಂದು ಬಗೆಯ ವಿಲಾಯತಿ ಹೂವು” ಎಂದೆವು. ನಿಘಂಟು ಕೊಡುವ ಉತ್ತರ ಅದು. ಅದಕ್ಕಿಂತ ಹೆಚ್ಚು ನಮಗೂ ತಿಳಿದಿರಲಿಲ್ಲ. ಹುಡುಗನು ಸುಮ್ಮನೆ ಕುಳಿತನು. ಆ ಮೌನವೇ ನಮ್ಮನ್ನು ತೋಟಗಾರರನ್ನಾಗಿ ಮಾಡಿತು.

ಮೊದಲಿಗೆ ಹೂವಿನ ಪರಿಚಯವನ್ನು ಮಾಡಿಕೊಡುವೆವು. ಪ್ಯಾನ್ಸಿಗೆ ಐದು ಎಸಳುಗಳು: ಮೇಲೆ ಎರಡು, ಪಕ್ಕಗಳಲ್ಲಿ ಎರಡು, ಕೆಳಗೆ ಒಂದು. ನಡುವಿನ ಕಪ್ಪು ಮಚ್ಚೆಯಿಂದಾಗಿ ಹೂವಿಗೆ ಮುಖವಿದ್ದಂತೆ ತೋರುತ್ತದೆ. ಚಿಂತನೆ ಎಂಬರ್ಥದ ಫ್ರೆಂಚ್ ಶಬ್ದದಿಂದ ಇದಕ್ಕೆ ಈ ಹೆಸರು ಬಂದಿತು. ಆದರೆ ಷೇಕ್ಸ್‌ಪಿಯರನು ಕಂಡದ್ದು ಹೊಲದ ಬದುಗಳಲ್ಲಿ ಬೆಳೆಯುವ ಪುಟ್ಟ ಕಾಡುಹೂವನ್ನು. ಈಗ ನಾವು ಬೆಳೆಯುವ ದೊಡ್ಡ ಹೂವು ಹುಟ್ಟಿದ್ದು ಅನಂತರ ಎರಡು ಶತಮಾನ ಕಳೆದ ಮೇಲೆ, 1810ರಿಂದ 1840ರ ನಡುವೆ, ಲೇಡಿ ಮೇರಿ ಬೆನೆಟ್, ಲಾರ್ಡ್ ಗ್ಯಾಂಬಿಯರ್ ಮೊದಲಾದವರ ತೋಟಗಳಲ್ಲಿ, ಮಾಲಿಗಳ ಸಹನೆಯ ಫಲವಾಗಿ. ನಮ್ಮ ಕುಂಡದ ಹೂವು ಒಫೀಲಿಯಾ ಹೆಸರಿಸಿದ ಹೂವಿನ ಮೊಮ್ಮಗಳೆನ್ನಬಹುದು.

ಮೊದಲ ವರ್ಷ ಬೀಜದ ಪೊಟ್ಟಣದ ಮೇಲೆ ಅಚ್ಚಾಗಿದ್ದ ಆದೇಶವನ್ನು ವೇದವಾಕ್ಯವೆಂದು ನಂಬಿದೆವು. ಜೂನ್ ತಿಂಗಳಲ್ಲಿ ಬಿತ್ತಬೇಕೆಂದಿತ್ತು, ಬಿತ್ತಿದೆವು. ಸಸಿಗಳು ಬೆರಳುದ್ದ ಬೆಳೆಯುವ ಮೊದಲೇ ಬುಡ ಕೊಳೆತು ಮಲಗಿದವು. ಮತ್ತೆ ಜನವರಿಯಲ್ಲಿ ಬಿತ್ತಿದೆವು. ಮೊಗ್ಗು ಮೂಡುವ ಹೊತ್ತಿಗೆ ಚೈತ್ರದ ಬಿಸಿಲು ಬಂದು ಎಲೆಗಳನ್ನು ಸುಟ್ಟಿತು. ತಪ್ಪು ಬೀಜದ್ದಲ್ಲ, ಪೊಟ್ಟಣದ್ದೂ ಅಲ್ಲ. ಇಂಗ್ಲೆಂಡಿನ ಬೇಸಗೆಯ ತಂಪು ನಮ್ಮಲ್ಲಿ ಯಾವ ತಿಂಗಳಿಗೆ ಬರುತ್ತದೆಂದು ನಾವು ವಿಚಾರಿಸಲಿಲ್ಲ. ಪರದೇಶದ ಪುಸ್ತಕವನ್ನು ಓದುವಾಗ ತಿಂಗಳ ಹೆಸರನ್ನು ಬಿಟ್ಟು ಹವೆಯ ಗುಣವನ್ನು ಹಿಡಿಯಬೇಕೆಂಬ ಪಾಠವನ್ನು ನಾವು ಕಲಿತದ್ದು ಹೀಗೆ.

ಈ ಗಿಡ ಮೊಳೆಯಲು ಸುಮಾರು 18ರಿಂದ 20 ಡಿಗ್ರಿ ಸೆಲ್ಸಿಯಸ್ ತಂಪು ಹಿತ. ಬಿಸಿಲು 30 ಡಿಗ್ರಿಯನ್ನು ದಾಟಿತೆಂದರೆ ಕಾಂಡ ನೀಳವಾಗಿ ಹೂವು ಕಿರಿದಾಗುತ್ತದೆ. ನಮ್ಮ ಬಯಲುಸೀಮೆಯಲ್ಲಿ ಈ ಗಿಡದ ಆಯುಷ್ಯವೆಲ್ಲ ಹಸ್ತಾ ಮಳೆಗೂ ಯುಗಾದಿಗೂ ನಡುವೆ. ತರೀಕೆರೆಯ ಮೇಲಿನ ಕೆಮ್ಮಣ್ಣುಗುಂಡಿ 4,700 ಅಡಿ ಎತ್ತರದಲ್ಲಿದೆ; ಅಲ್ಲಿ ಬಿಸಿಲಿನ ಭಯ ಕಡಮೆ. ಸುಮಾರು 2,500 ಅಡಿಯ ಕಡೂರಿನಲ್ಲಿರುವವರಿಗೆ ಕುಂಡವೇ ಗತಿ. ಕುಂಡವಾದರೆ ಮಳೆಯಲ್ಲಿ ಸೂರಿನ ಕೆಳಕ್ಕೂ, ಚಳಿಯಲ್ಲಿ ಬಿಸಿಲಿಗೂ, ಮಾಘ ಕಳೆದ ಮೇಲೆ ಪೂರ್ವದ ಜಗಲಿಗೂ ಒಯ್ಯಬಹುದು. ನೆಲದ ಗಿಡ ಋತುವಿಗೆ ತಲೆಬಾಗಬೇಕು. ಕುಂಡದ ಗಿಡ ಅದರೊಡನೆ ಸ್ವಲ್ಪ ಚೌಕಾಸಿ ಮಾಡಬಲ್ಲುದು.

ಮಣ್ಣಿನ ವಿಚಾರದಲ್ಲಿ ನಮಗೆ ಬಂಧುಗಳ ನೆರವು ದೊರೆಯಿತು. ಕಡೂರಿನಲ್ಲಿ ನಮ್ಮ ಮನೆ. ಇಲ್ಲಿಯದು ಕೆಂಪು ಮಣ್ಣು. ತರೀಕೆರೆ ನಮ್ಮ ಮನೆಯವರ ತೌರು. ಅಲ್ಲಿ ಅಡಕೆತೋಟಗಳೂ ಅವುಗಳ ನೆರಳಿನಲ್ಲಿ ಕೊಳೆತ ಎಲೆಗೊಬ್ಬರವೂ ಹೇರಳ. ಅಜ್ಜಂಪುರದಲ್ಲಿ ಸೋದರತ್ತೆಯ ಮನೆ. ಅಮೃತಮಹಲ್ ರಾಸುಗಳಿಗೆ ಹೆಸರಾದ ಆ ಊರಿನ ಕಪ್ಪು ಮಣ್ಣು ಹತ್ತಿಗೆ ಒಳ್ಳೆಯದೇ ಹೊರತು ಕುಂಡಕ್ಕೆ ಒಗ್ಗದು. ನೆನೆದರೆ ಅಂಟಾಗುತ್ತದೆ, ಒಣಗಿದರೆ ಬಿರಿಯುತ್ತದೆ. ಆದಕಾರಣ ಅತ್ತೆಯ ಮನೆಯಿಂದ ಮಣ್ಣನ್ನು ತಾರದೆ ಹಳೆಯ ಸಗಣಿಗೊಬ್ಬರವನ್ನು ತಂದೆವು. ಕೆಂಪು ಮಣ್ಣು ಎರಡು ಪಾಲು, ಎಲೆಗೊಬ್ಬರ, ಸಗಣಿಗೊಬ್ಬರ, ಮರಳು ಒಂದೊಂದು ಪಾಲು. ಎಂಟು ಅಂಗುಲದ ಮಣ್ಣಿನ ಕುಂಡ, ತಳದಲ್ಲಿ ರಂಧ್ರ, ಅದರ ಮೇಲೆ ಹೆಂಚಿನ ಚೂರು. ಇಷ್ಟೇ ಸಿದ್ಧತೆ.

ಹಸ್ತಾ ಮಳೆಯ ಹೊತ್ತಿಗೆ ಅಗಲವಾದ ತಟ್ಟೆಕುಂಡದಲ್ಲಿ ಬೀಜವನ್ನು ಬಿತ್ತಿ, ಕಾಲಂಗುಲ ಮಣ್ಣು ಮುಚ್ಚಿ, ನೆರಳಿನಲ್ಲಿಡತಕ್ಕದ್ದು. ಈ ಬೀಜ ಕತ್ತಲೆಯಲ್ಲಿ ಚೆನ್ನಾಗಿ ಮೊಳೆಯುತ್ತದೆ. ಎರಡು ವಾರಗಳಲ್ಲಿ ಮೊಳಕೆ ಕಾಣುವುದು. ದೀಪಾವಳಿಯ ಸುಮಾರಿಗೆ ನಾಲ್ಕೈದು ಎಲೆಯ ಸಸಿಗಳನ್ನು ಕುಂಡಕ್ಕೆ ಮೂರರಂತೆ ನಾಟಬೇಕು. ಸಂಕ್ರಾಂತಿಯ ವೇಳೆಗೆ ಮೊದಲ ಹೂವು. ಬಾಡಿದ ಹೂವನ್ನು ಅಂದಂದೇ ಚಿವುಟಿದರೆ ಹೊಸ ಮೊಗ್ಗು ಬರುತ್ತದೆ. ಬಿಟ್ಟರೆ ಗಿಡ ಬೀಜಕಟ್ಟುವುದರಲ್ಲಿ ತೊಡಗಿ ಹೂಬಿಡುವುದನ್ನು ಮರೆಯುತ್ತದೆ.

ಮೂರನೆಯ ವರ್ಷ ನಮ್ಮ ಜಗಲಿಯಲ್ಲಿ ಹನ್ನೆರಡು ಕುಂಡಗಳು ಅರಳಿದವು. ಒಂದು ಕುಂಡವನ್ನು ತರಗತಿಗೆ ಒಯ್ದು ಮೇಜಿನ ಮೇಲಿಟ್ಟೆವು. ಮೊದಲು ಪ್ರಶ್ನೆ ಕೇಳಿದ ಹುಡುಗನು ಅಷ್ಟರಲ್ಲಿ ಕಾಲೇಜನ್ನು ಬಿಟ್ಟು ಹೋಗಿದ್ದನು. ಅವನಿಗೆ ಉತ್ತರ ಸಲ್ಲಲೇ ಇಲ್ಲ. ಬೇರೊಬ್ಬ ವಿದ್ಯಾರ್ಥಿನಿಯು ಹೂವನ್ನು ಬಹಳ ಹೊತ್ತು ನೋಡಿ, “ಏನನ್ನೋ ಯೋಚಿಸುತ್ತ ತಲೆ ತಗ್ಗಿಸಿದ ಹಾಗಿದೆ, ಸಾರ್” ಎಂದಳು. ಹೆಸರಿನ ಅರ್ಥವನ್ನು ನಾವಿನ್ನೂ ಹೇಳಿರಲಿಲ್ಲ.

ಆದರೆ ಅದೇ ವರ್ಷ ಮಾರ್ಚಿಯಲ್ಲಿ ನಮ್ಮ ಬೀದಿಯಲ್ಲಿ ನೀರಿಗೆ ತತ್ವಾರವಾಯಿತು. ಹೆಂಗಸರು ಕೊಡಗಳನ್ನು ಸಾಲಿಟ್ಟು ಕಾಯುತ್ತಿದ್ದಾಗ ನಾವು ಜಗಲಿಯಲ್ಲಿ ಹೂವಿಗೆ ನೀರೆರೆಯುತ್ತಿದ್ದೆವು. ನಮ್ಮ ತಾಯಿಯವರು ಬಾಗಿಲಲ್ಲಿ ನಿಂತು, “ಮುಡಿಯುವ ಹಾಗಿಲ್ಲ, ದೇವರಿಗೆ ಏರಿಸುವ ಹಾಗಿಲ್ಲ. ಇದಕ್ಕೆ ಕೊಡ ನೀರು ಸುರಿಯುತ್ತೀಯಲ್ಲಪ್ಪ, ಬೀದಿಯವರು ನೋಡುತ್ತಿದ್ದಾರೆ” ಎಂದರು. ಒಫೀಲಿಯಾಳ ಹೆಸರು ಹೇಳಿ ಈ ಮಾತಿಗೆ ಉತ್ತರ ಕೊಡುವುದು ಸಾಧ್ಯವಿರಲಿಲ್ಲ.

ಅಂದಿನಿಂದ ನಿಯಮ ಬದಲಾಯಿತು. ಈಗ ಕುಂಡಗಳು ಆರೇ. ಅವುಗಳಿಗೆ ಅಕ್ಕಿ, ತರಕಾರಿ ತೊಳೆದ ನೀರು ಮಾತ್ರ. ಮೇಲ್ಮಣ್ಣನ್ನು ಬೆರಳಿನಿಂದ ಮುಟ್ಟಿ ಒಣಗಿದ್ದರೆ ಮಾತ್ರ. ಮಣ್ಣಿನ ಮೇಲೆ ತೆಂಗಿನ ನಾರನ್ನು ಹಾಸಿದರೆ ತೇವ ನಿಲ್ಲುತ್ತದೆ. ಫೆಬ್ರವರಿಯ ಕೊನೆಯಲ್ಲಿ ಕೆಲವು ಹೂಗಳನ್ನು ಚಿವುಟದೆ ಬೀಜಕ್ಕೆ ಬಿಡುತ್ತೇವೆ. ಬಾಗಿದ ಕಾಯಿ ತಲೆಯೆತ್ತಿ ನಿಂತಾಗ ಅದು ಬಲಿತಿತೆಂದು ತಿಳಿಯಬೇಕು. ಒಂದೆರಡು ದಿನ ತಡಮಾಡಿದರೂ ಮೂರಾಗಿ ಬಿರಿದು ಬೀಜವನ್ನು ದೂರಕ್ಕೆ ಸಿಡಿಸಿಬಿಡುತ್ತದೆ. ಆ ಬೀಜದಿಂದ ತಾಯಿಯ ಬಣ್ಣವೇ ಬರುವುದೆಂಬ ಭರವಸೆಯಿಲ್ಲ. ಬಂದದ್ದನ್ನು ಸ್ವೀಕರಿಸಬೇಕು.

ಯುಗಾದಿಯಂದು ಗಿಡಗಳನ್ನು ಕಿತ್ತು ಗೊಬ್ಬರದ ಗುಂಡಿಗೆ ಹಾಕುತ್ತೇವೆ. ಇನ್ನೂ ಹತ್ತು ದಿನ ಬದುಕಿಸಬಹುದಲ್ಲವೇ ಎಂದು ಮಿತ್ರರು ಕೇಳುವುದುಂಟು. ಬದುಕಿಸಬಹುದು, ಆದರೆ ಆ ಹತ್ತು ದಿನದ ನೀರು ನಮ್ಮದಲ್ಲ. ಪರದೇಶದ ಅತಿಥಿಯನ್ನು ಕರೆದವರು ಅತಿಥಿಯ ಸುಖವನ್ನು ನೋಡುವಂತೆ ಮನೆಯ ಶಕ್ತಿಯನ್ನೂ ನೋಡಬೇಕು. ಶ್ರೋತೃಗಳಲ್ಲಿ ಯಾರಿಗಾದರೂ ಬೆಳೆಯುವ ಮನಸ್ಸಾದರೆ ಹಸ್ತಾ ಮಳೆಗೆ ಒಂದು ಚಿಟಿಕೆ ಬೀಜವನ್ನು ಬಿತ್ತಿ ನೋಡಿರಿ. ಎರಡು ಕುಂಡ ಸಾಕು. ಕಳೆದ ವರ್ಷ ಅಕ್ಕಿ ತೊಳೆದ ನೀರಿನ ಪಾತ್ರೆಯನ್ನು ಜಗಲಿಗೆ ತಂದಿಡುತ್ತಿದ್ದವರು ನಮ್ಮ ತಾಯಿಯವರೇ.