ಯಾರೊಡನೆ ಯಾರು ಓಡಬೇಕು?

(ಕೆಂಗೇರಿಯಲ್ಲಿ ಮಾಡಿದ ಭಾಷಣದ ಬರಹರೂಪ)



2023ರ ನವೆಂಬರಿನಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಕಂಬಳ ನಡೆಯಿತು. ಕೆಂಗೇರಿಯಿಂದ ಹೋಗಿ ನೋಡಿ ಬಂದವರು ನಿಮ್ಮಲ್ಲೂ ಇರಬಹುದು. ಕರಾವಳಿಯವರಲ್ಲದವರಿಗೆ ಅಲ್ಲೊಂದು ಸೋಜಿಗ: ಓಡುವ ಕೆರೆ ಅದೇ, ಓಡುವುದು ಕೋಣಗಳೇ, ಮೊದಲ ಬಹುಮಾನ ಮಾತ್ರ ಹಲವು! ಇದೇಕೆ ಎಂಬುದೇ ಇಂದಿನ ನನ್ನ ಮಾತು.

ಕಂಬಳದ ಮುಖ್ಯ ವಿಭಾಗಗಳು ಆರು: ಹಗ್ಗ ಹಿರಿಯ, ಹಗ್ಗ ಕಿರಿಯ, ನೇಗಿಲು ಹಿರಿಯ, ನೇಗಿಲು ಕಿರಿಯ, ಅಡ್ಡಹಲಗೆ, ಕನೆಹಲಗೆ. ನೊಗಕ್ಕೆ ಕಟ್ಟಿದ ಹಗ್ಗ ಹಿಡಿದು ಓಡಿಸುವುದು ಹಗ್ಗದ ವಿಭಾಗ. ನೇಗಿಲಿನಾಕಾರದ ಹಗುರ ಮರ ಹಿಡಿದು ಓಡಿಸುವುದು ನೇಗಿಲಿನದು. ಅಡ್ಡಹಲಗೆಯಲ್ಲಿ ಓಡಿಸುವವನು ಹಲಗೆಯ ಮೇಲೆ ನಿಲ್ಲುತ್ತಾನೆ. ಕನೆಹಲಗೆಯಲ್ಲಿ ಎಣಿಕೆಗೆ ಬರುವುದು ವೇಗವಲ್ಲ; ಹಲಗೆಯ ತೂತುಗಳಿಂದ ಚಿಮ್ಮಿದ ನೀರು ಎತ್ತರದಲ್ಲಿ ಕಟ್ಟಿದ ನಿಶಾನೆಯನ್ನು ಮುಟ್ಟಬೇಕು.

ಅಳತೆಗೋಲೇ ಬೇರೆಯಾದ ಮೇಲೆ ಒಂದನ್ನು ಇನ್ನೊಂದರೊಡನೆ ತೂಗಲಾಗದು. 2020ರಲ್ಲಿ ನಾವು ಇದನ್ನು ಮರೆತೆವು. ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು 142.50 ಮೀಟರ್ ದೂರವನ್ನು 13.62 ಸೆಕೆಂಡಿನಲ್ಲಿ ಮುಗಿಸಿದರು. ಅದನ್ನು 100 ಮೀಟರಿಗೆ ಇಳಿಸಿ 9.55 ಸೆಕೆಂಡು ಎಂದು ಲೆಕ್ಕ ಹಾಕಿದರು. ಉಸೇನ್ ಬೋಲ್ಟರ ವಿಶ್ವದಾಖಲೆ 9.58. ದೇಶವೆಲ್ಲ ಕುಣಿಯಿತು. ಆದರೆ ಗೌಡರು, ಗೆಲುವಿನಲ್ಲಿ ಕೋಣಗಳ ಪಾಲೂ ಇದೆಯೆಂದರು; ಓಟದ ಪರೀಕ್ಷೆಗೆ ಬಂದ ಕರೆಯನ್ನು ಒಪ್ಪಿಕೊಳ್ಳಲಿಲ್ಲ. ವಿಭಾಗವೆಂದರೇನು ಎಂಬುದು ಅವರಿಗೆ ನಮಗಿಂತ ಚೆನ್ನಾಗಿ ಗೊತ್ತಿತ್ತು.

ಇನ್ನು ಹಿರಿಯ, ಕಿರಿಯ ಎಂಬ ಭೇದ. ಕೋಣಕ್ಕೆ ಜನ್ಮಪತ್ರವಿಲ್ಲ. ದನಗಳ ಜಾತ್ರೆ ಕಂಡವರಿಗೆ ಗೊತ್ತು: ರಾಸಿನ ಬಾಯಿ ಬಿಡಿಸಿ, ಎರಡು ಹಲ್ಲು, ನಾಲ್ಕು ಹಲ್ಲು, ಬಾಯಿಗೂಡಿದ್ದು ಎಂದು ಪ್ರಾಯ ಹೇಳುತ್ತಾರೆ. ಆದರೆ ಹಲ್ಲು ಬರುವ ಕಾಲ ಎಲ್ಲ ರಾಸಿಗೂ ಒಂದೇ ಅಲ್ಲ. ಗೆರೆ ಎಳೆದಲ್ಲೆಲ್ಲ ಗೆರೆಯಂಚಿನಲ್ಲಿ ನಿಂತವರ ತಕರಾರು ಇದ್ದೇ ಇರುತ್ತದೆ. ಹಾಗೆಂದು ಗೆರೆಯನ್ನೇ ಅಳಿಸಿದರೆ, ಎಳೆಯ ಜೋಡಿಯನ್ನು ಕಟ್ಟಿಕೊಂಡು ಬಂದ ಯಜಮಾನ ಕೆರೆಗಿಳಿಯುವ ಮೊದಲೇ ಸೋತಂತೆ.

ಈ ಕಷ್ಟ ಆಕಾಶದಲ್ಲೂ ಉಂಟು. ಎಂಜಿನ್ ಬಲವಿಲ್ಲದೆ, ಮೇಲೇರುವ ಗಾಳಿಯನ್ನು ನಂಬಿ ಹಾರುವ ಗ್ಲೈಡರ್‌ಗಳ ಪಂದ್ಯದಲ್ಲಿ 15 ಮೀಟರ್ ರೆಕ್ಕೆಯ ಒಂದು ವಿಭಾಗವಿತ್ತು. ರೆಕ್ಕೆಯ ಹಿಂಬದಿಗೆ ಬಾಗುವ ಪಟ್ಟಿ, ಅಂದರೆ ಫ್ಲ್ಯಾಪ್ ಇರಬಹುದೇ, ಬೇಡವೇ ಎಂದು 1970ರ ದಶಕದಲ್ಲಿ ವಾದವೆದ್ದಿತು. ಕೊನೆಗೆ ಫ್ಲ್ಯಾಪ್ ಇದ್ದವಕ್ಕೆ ಒಂದು, ಇಲ್ಲದವಕ್ಕೆ ಒಂದು ಎಂದು ಎರಡು ವಿಭಾಗಗಳಾದವು. ಹಳೆಯ ಗ್ಲೈಡರ್‌ಗಳಿಗೆಂದೇ ಕ್ಲಬ್ ವಿಭಾಗವಿದೆ. ಅಲ್ಲಿ ಆಯಾ ಮಾದರಿಯ ಸಾಮರ್ಥ್ಯಕ್ಕೆ ತಕ್ಕಂತೆ ಅಂಕಗಳನ್ನು ಸರಿದೂಗಿಸುತ್ತಾರೆ. ಹೊಸದನ್ನು ಕೊಳ್ಳಲಾಗದವನಿಗೂ ಗೆಲ್ಲುವ ದಾರಿ ಇರಲೆಂದು.

ನಿಯಮವೆಲ್ಲ ಕೋಣದ ಹಲ್ಲಿಗೆ ಮುಗಿಯುವುದಿಲ್ಲ. ಕಂಬಳಕ್ಕೆ ಮುನ್ನ ಕೊರಗರನ್ನು ಕೋಣಗಳಂತೆ ಓಡಿಸುವ ಕ್ರೂರ ಪದ್ಧತಿಯಿತ್ತು. ಅಜಲು ಪದ್ಧತಿಯನ್ನು ನಿಷೇಧಿಸಿದ 2000ದ ಕರ್ನಾಟಕ ಕಾಯ್ದೆ ಇದನ್ನೂ ಹೆಸರಿಸಿ ಅಪರಾಧವೆಂದಿತು. ಸಂಪ್ರದಾಯವೆಂಬ ಮಾತು ಅದಕ್ಕೆ ರಕ್ಷಣೆಯಾಗಲಿಲ್ಲ, ಆಗಲೂಬಾರದು. 2014ರ ಸುಪ್ರೀಂ ಕೋರ್ಟ್ ತೀರ್ಪಿನ ಬಳಿಕ, ಪ್ರಾಣಿಯನ್ನು ಹೀಗೆ ಓಡಿಸಬಹುದೇ ಎಂಬ ಪ್ರಶ್ನೆ ಕಂಬಳದ ಮುಂದೆಯೂ ಬಂದಿತು. ರಾಜ್ಯದ ತಿದ್ದುಪಡಿ ಕಾಯ್ದೆಯನ್ನು ಅದೇ ನ್ಯಾಯಾಲಯ 2023ರ ಮೇ 18ರಂದು ಎತ್ತಿಹಿಡಿದ ಮೇಲೆ ಕಂಬಳ ಉಳಿಯಿತು. ಹಿಂಸೆ ಕೂಡದೆಂಬ ಹೊಣೆಯೂ ಜೊತೆಗುಳಿಯಿತು.

ಆದ್ದರಿಂದ ನಿಯಮದ ಚರ್ಚೆ ಎದ್ದಾಗ ಅದನ್ನು ಆಟಕ್ಕೆ ಅಡ್ಡಿ ಎಂದು ತಳ್ಳಿಹಾಕಬೇಡಿ. ಯಾರು ಗೆದ್ದರು ಎಂದು ಕೇಳುವ ಮುನ್ನ, ಯಾರೊಡನೆ ಯಾರನ್ನು ಓಡಿಸಿದರು ಎಂದು ಕೇಳಿ. ನ್ಯಾಯ ಇರುವುದು ಅಲ್ಲಿ.